ಮೂರು ನಲವತ್ತೆಂಟು ಗಂಟೆಗಳು: ಸಿನಿಮಾ ತೂಗುವ ನಾವು ಅಭ್ಯರ್ಥಿಯನ್ನು ಏಕೆ ತೂಗುವುದಿಲ್ಲ?

ಸಿನಿಮಾ ಬಿಡುಗಡೆಯಾದ ಮೊದಲ 48 ಗಂಟೆ ವ್ಲಾಗರ್‌ಗಳು ಅದರ ವಿಮರ್ಶೆ ಹಾಕದೆ ತಡೆದುಕೊಳ್ಳಬೇಕು. 2024ರ ಮಾರ್ಚ್‌ನಲ್ಲಿ ಕೇರಳ ಹೈಕೋರ್ಟ್‌ಗೆ ಅಮಿಕಸ್ ಕ್ಯೂರಿ, ಅಂದರೆ ನ್ಯಾಯಾಲಯಕ್ಕೆ ನೆರವಾಗುವ ವಕೀಲರು, ಸಲ್ಲಿಸಿದ ವರದಿಯಲ್ಲಿ ಇಂಥದೊಂದು ಸಲಹೆ ಇತ್ತು. ದುಡ್ಡು ಪಡೆದು ಹೊಗಳುವವರು, ದುಡ್ಡು ಸಿಗದಿದ್ದರೆ ಹೀನಾಯವಾಗಿ ತೆಗಳುವವರು ಸೇರಿಕೊಂಡು ಚಿತ್ರವನ್ನು ಮೊದಲ ದಿನವೇ ಮುಳುಗಿಸುತ್ತಿದ್ದಾರೆ ಎಂದು ಮಲಯಾಳ ನಿರ್ದೇಶಕರೊಬ್ಬರು ದೂರಿದ್ದರಿಂದ ಆ ಪ್ರಕರಣ ಹುಟ್ಟಿತ್ತು. ಅದೇ ವರ್ಷದ ಕೊನೆಗೆ ತಮಿಳು ನಿರ್ಮಾಪಕರ ಸಂಘವೊಂದು ಮದ್ರಾಸ್ ಹೈಕೋರ್ಟ್‌ಗೆ ಹೋಗಿ ಮೂರು ದಿನ ವಿಮರ್ಶೆಗೆ ತಡೆ ಕೊಡಿ ಎಂದು ಕೇಳಿತು. ನ್ಯಾಯಾಲಯ ಒಪ್ಪಲಿಲ್ಲ.

48 ಗಂಟೆ ಎಂಬ ಲೆಕ್ಕ ಚುನಾವಣೆ ಕಂಡವರಿಗೆ ಹೊಸದಲ್ಲ. 1951ರ ಜನಪ್ರತಿನಿಧಿ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಮತದಾನ ಮುಗಿಯುವ ಸಮಯಕ್ಕೆ 48 ಗಂಟೆ ಮುಂಚೆ ಬಹಿರಂಗ ಪ್ರಚಾರಕ್ಕೆ ತೆರೆ ಬೀಳುತ್ತದೆ. ಸಭೆಯಿಲ್ಲ, ಮೆರವಣಿಗೆಯಿಲ್ಲ, ಮೈಕಿಲ್ಲ. ಟಿ.ವಿ.ಯಲ್ಲಾಗಲಿ ಸಿನಿಮಾ ಪರದೆಯ ಮೇಲಾಗಲಿ ಚುನಾವಣೆಗೆ ಸಂಬಂಧಿಸಿದ್ದನ್ನು ತೋರಿಸುವಂತಿಲ್ಲ. ಮೀರಿದರೆ ಎರಡು ವರ್ಷದವರೆಗೆ ಜೈಲು.

ಎರಡೂ ಮೌನಗಳ ಅವಧಿ ಒಂದೇ. ಆದರೆ ಅವು ಯಾರನ್ನು ಕಾಯುತ್ತವೆ ಎಂದು ನೋಡಬೇಕು. ಚುನಾವಣೆಯ ಮೌನ ಮತದಾರನಿಗಾಗಿ ಇರುವುದು. ಎಲ್ಲರ ಮಾತನ್ನೂ ಕೇಳಿಯಾಯಿತು, ಇನ್ನು ಎರಡು ದಿನ ನಿನ್ನ ಪಾಡಿಗೆ ನೀನು ಕೂತು ಯೋಚಿಸು ಎಂದು ಕಾನೂನು ಅವನಿಗೆ ಬಿಡುವು ಕೊಡುತ್ತದೆ. ಚಿತ್ರೋದ್ಯಮ ಕೇಳುತ್ತಿರುವ ಮೌನ ಟಿಕೆಟ್ ಮಾರುವವನಿಗಾಗಿ. ಯಾರ ಮಾತೂ ಕಿವಿಗೆ ಬೀಳುವ ಮುನ್ನ ಜನ ಚಿತ್ರಮಂದಿರದ ಒಳಗೆ ಬಂದುಬಿಡಲಿ ಎಂಬ ಆಸೆ ಅದರಲ್ಲಿದೆ. ನೂರಾರು ಜನರ ದುಡಿಮೆ ಒಂದು ಶುಕ್ರವಾರದಲ್ಲಿ ಮಣ್ಣಾಗುವ ಸಂಕಟ ನನಗೆ ಅರ್ಥವಾಗುತ್ತದೆ. ಹಣಕ್ಕಾಗಿ ಬರೆಯುವ ವಿಮರ್ಶೆ ಸುಲಿಗೆಯೇ, ಅನುಮಾನ ಬೇಡ. ಆದರೂ ಟಿಕೆಟ್ ಕೊಂಡು ನೋಡಿದವನ ಬಾಯಿಗೆ ಎರಡು ದಿನದ ಬೀಗ ಹಾಕಿ ಎಂದು ಕೇಳುವುದನ್ನು ನಾನು ಒಪ್ಪಲಾರೆ.

ಇನ್ನೊಂದು 48 ಗಂಟೆಯೂ ನಮ್ಮ ಕಾನೂನಿನಲ್ಲಿದೆ. ಅಭ್ಯರ್ಥಿಗಳ ಆಯ್ಕೆಗೆ ಸಂಬಂಧಿಸಿದ ಅದರ ಬಗ್ಗೆ ಬಹುಪಾಲು ಮತದಾರರು ಕೇಳಿಯೇ ಇಲ್ಲ. ಅಲ್ಲಿಗೆ ಹೋಗುವ ಮುನ್ನ ಒಂದು ಊಟದ ಮನೆಯ ಮಾತು ಹೇಳಬೇಕು.

2025ರ ದಸರೆಯ ವಾರ. ಅಕ್ಟೋಬರ್ 2ರಂದು ‘ಕಾಂತಾರ: ಚಾಪ್ಟರ್ 1’ ಬಿಡುಗಡೆಯಾಗಿತ್ತು. ಜಯನಗರದಲ್ಲಿರುವ ಅಕ್ಕನ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಆರು ಮಂದಿ ಮತದಾರರು, ಒಂದು ಊಟದ ಮೇಜು. ಹೋಳಿಗೆ ತಟ್ಟೆಗೆ ಬೀಳುವ ಮೊದಲೇ ವಾದ ಶುರುವಾಗಿತ್ತು. ಮೊದಲ ಭಾಗದ ಹಾಸ್ಯ ಕತೆಗೆ ಅಂಟಿಕೊಂಡಿಲ್ಲ ಎಂದು ನಾನು ಹೇಳಿದೆ. ದೈವದ ಆವೇಶವನ್ನು ದೊಡ್ಡ ಪರದೆಯಲ್ಲಿ ಹೀಗೆ ತೋರಿಸಬಹುದೇ ಎಂದು ಕುಂದಾಪುರ ಮೂಲದ ಅಕ್ಕನ ಸೊಸೆ ಕೇಳಿದಳು. ಹಿನ್ನೆಲೆ ಸಂಗೀತ, ಯುದ್ಧದ ದೃಶ್ಯ, ಕನಕವತಿಯ ಪಾತ್ರ, ಯಾವುದನ್ನೂ ಬಿಡಲಿಲ್ಲ. ಭಾವನವರಂತೂ ಹಿಂದಿನ ರಾತ್ರಿ 2022ರ ಚಿತ್ರವನ್ನು ಮತ್ತೊಮ್ಮೆ ನೋಡಿಕೊಂಡು ಬಂದು ಕೂತಿದ್ದರು. ‘ಹಿಂದಿನದನ್ನು ಪಕ್ಕದಲ್ಲಿಟ್ಟುಕೊಂಡು ನೋಡದೆ ಮುಂದಿನದರ ಬಗ್ಗೆ ಮಾತನಾಡಬಾರದು’ ಎಂಬುದು ಅವರ ಪಟ್ಟು. ಒಬ್ಬ ನಿವೃತ್ತ ಬ್ಯಾಂಕ್ ನೌಕರ ಇನ್ನೂರು ಮುನ್ನೂರು ರೂಪಾಯಿಯ ಟಿಕೆಟ್‌ಗೆ ಕೊಟ್ಟ ಗಮನ ಅದು.

ಕೈ ತೊಳೆದ ಮೇಲೆ ನಾನೊಂದು ಪ್ರಶ್ನೆ ಕೇಳಿದೆ. 2023ರ ಮೇ 10ರಂದು ಈ ಕ್ಷೇತ್ರದಲ್ಲಿ ಯಾರು ಯಾರು ನಿಂತಿದ್ದರು? ಇಬ್ಬರ ಹೆಸರು ಎಲ್ಲರಿಗೂ ಗೊತ್ತಿತ್ತು. ಮೂರನೆಯ ಹೆಸರು ಯಾರಿಗೂ ಬರಲಿಲ್ಲ. ಆ ಇಬ್ಬರ ಬಗ್ಗೆಯೂ ಪಕ್ಷ, ಮನೆತನ, ಜಾತಿ ಬಿಟ್ಟರೆ ಹೇಳಲು ಏನೂ ಇರಲಿಲ್ಲ. ಆ ಚುನಾವಣೆಯಲ್ಲಿ ಜಯನಗರದ ಫಲಿತಾಂಶ ತೀರ್ಮಾನವಾಗಿದ್ದು ಮರು ಎಣಿಕೆಯ ನಂತರ, ಕೇವಲ 16 ಮತಗಳ ಅಂತರದಲ್ಲಿ. ಮತದಾನದ ದಿನ ನಮ್ಮ ಆ ಮೇಜಿನ ಇಬ್ಬರು ಊರಿನಲ್ಲೇ ಇರಲಿಲ್ಲ.

ಇವರಲ್ಲಿ ಯಾರಿಗೂ ತೂಗಿ ನೋಡುವ ಬುದ್ಧಿ ಕಡಿಮೆಯಿಲ್ಲ. ಅರ್ಧ ಗಂಟೆ ಮುಂಚೆ ಅದನ್ನು ಕಣ್ಣಾರೆ ಕಂಡಿದ್ದೆ. ಹಾಗಾದರೆ ಮತದ ವಿಷಯಕ್ಕೆ ಬಂದಾಗ ಆ ತಕ್ಕಡಿ ಎಲ್ಲಿಗೆ ಹೋಗುತ್ತದೆ?

ನಾವು ಸಿನಿಮಾವನ್ನು ಅಳೆಯುವ ರೀತಿ ಎಷ್ಟು ನಾಜೂಕಾದದ್ದು ಎಂಬುದಕ್ಕೆ ಅದೇ ವರ್ಷದ ‘ಸು ಫ್ರಮ್ ಸೋ’ ಒಳ್ಳೆಯ ಸಾಕ್ಷಿ. ಜೆ.ಪಿ. ತುಮಿನಾಡು ನಿರ್ದೇಶಿಸಿ, ರಾಜ್ ಬಿ. ಶೆಟ್ಟಿ ನಿರ್ಮಾಪಕರಲ್ಲೊಬ್ಬರಾಗಿದ್ದ ಈ ಚಿತ್ರ 2025ರ ಜುಲೈ 25ರಂದು ತೆರೆಗೆ ಬಂತು. ದೊಡ್ಡ ನಾಯಕನಿರಲಿಲ್ಲ, ಊರ ತುಂಬ ಕಟೌಟ್ ಇರಲಿಲ್ಲ. ಬಿಡುಗಡೆಗೆ ಮುಂಚಿನ ಕೆಲವು ಪ್ರದರ್ಶನಗಳನ್ನು ನೋಡಿದವರು ಮನೆಗೆ ಹೋಗಿ ಹೇಳಿದರು, ಮನೆಯವರು ಪಕ್ಕದ ಮನೆಗೆ ಹೇಳಿದರು. ಎರಡೇ ದಿನಕ್ಕೆ ಟಿಕೆಟ್ ಸಿಗದ ಹಾಗಾಯಿತು. ನಾನು ನೋಡಿದ್ದು ಒಂದು ಹಳೆಯ ಏಕಪರದೆ ಚಿತ್ರಮಂದಿರದಲ್ಲಿ. ಆಟ ಬಿಟ್ಟಾಗ ಹೊರಗೆ ನಿಂತಿದ್ದ ಆಟೊ ಚಾಲಕರೊಬ್ಬರು, ಬಾಡಿಗೆ ಕೇಳುವ ಮುನ್ನ, ‘ಹೆಂಗಸರು ಮಕ್ಕಳನ್ನು ಕರೆದುಕೊಂಡು ಬರಬಹುದೇ ಸಾರ್?’ ಎಂದು ಕೇಳಿದರು. ಬರಬಹುದು, ಒಂದೆರಡು ಮಾತು ಸ್ವಲ್ಪ ಒರಟು, ಆದರೆ ಹೊಟ್ಟೆ ತುಂಬ ನಗುತ್ತೀರಿ ಎಂದೆ. ಅವರು ಇನ್ನಿಬ್ಬರನ್ನು ಕೇಳಿದರು. ಮೂರನೆಯವರು ದ್ವಿತೀಯಾರ್ಧ ಸ್ವಲ್ಪ ಎಳೆದಿದೆ ಎಂದರು. ಮೂರು ಅಭಿಪ್ರಾಯ ಕೂಡಿಸಿ ಭಾನುವಾರದ ಮ್ಯಾಟಿನಿ ಎಂದು ತೀರ್ಮಾನಿಸಿದರು.

ಅವರ ಆ ಎರಡು ನಿಮಿಷದಲ್ಲಿ ಒಂದು ಕ್ರಮವಿತ್ತು. ತನಗೆ ಬೇಕಾದ್ದೇನು ಎಂದು ಅವರಿಗೆ ಗೊತ್ತಿತ್ತು: ಮನೆಮಂದಿ ಒಟ್ಟಿಗೆ ನೋಡುವ ಚಿತ್ರ. ಪೋಸ್ಟರನ್ನು ಕೇಳದೆ ನೋಡಿ ಬಂದವರನ್ನು ಕೇಳಿದರು. ಒಬ್ಬರ ಮಾತನ್ನೇ ನಂಬದೆ ಮೂವರ ಮಾತು ಕೇಳಿದರು. ಹೇಳುವವನಿಗೆ ಅದರಿಂದ ಲಾಭವಿಲ್ಲ ಎಂಬುದನ್ನೂ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದರು. ವ್ಲಾಗರ್‌ಗಳ ಅಬ್ಬರದ ನಡುವೆಯೂ ಕನ್ನಡದ ಪ್ರೇಕ್ಷಕ ಬಾಯಿಂದ ಬಾಯಿಗೆ ಬರುವ ಮಾತನ್ನು ಈಗಲೂ ನಂಬುತ್ತಾನೆ, ಏಕೆಂದರೆ ಸುಳ್ಳು ಹೇಳಿದ ನೆಂಟ ಮುಂದಿನ ಹಬ್ಬಕ್ಕೆ ಎದುರು ಸಿಗುತ್ತಾನೆ. ಆ ಚಿತ್ರದ ಕತೆಯೂ ಕರಾವಳಿಯ ಒಂದು ಹಳ್ಳಿಯಲ್ಲಿ ಹುಡುಗನೊಬ್ಬ ತಪ್ಪಿಸಿಕೊಳ್ಳಲು ಹೇಳಿದ ಸುಳ್ಳು ಇಡೀ ಊರಿಗೆ ದೆವ್ವವಾಗಿ ಮೆಟ್ಟಿಕೊಳ್ಳುವುದರ ಬಗ್ಗೆಯೇ ಇದೆ. ಊರವರೆಲ್ಲ ನಂಬಿದ ಮೇಲೆ ಸುಳ್ಳು ಹೇಳಿದವನಿಗೂ ಅದರಿಂದ ಹೊರಬರಲು ದಾರಿ ಕಾಣುವುದಿಲ್ಲ.

ಇನ್ನೊಂದು ವಿಷಯ: ಮೆಚ್ಚಿನ ನಟನ ಚಿತ್ರ ಚೆನ್ನಾಗಿಲ್ಲ ಎಂದು ಹೇಳಲು ಕನ್ನಡದ ಸಾಮಾನ್ಯ ಪ್ರೇಕ್ಷಕನಿಗೆ ಸಂಕೋಚವಿಲ್ಲ. ‘ನಾನು ಅವರ ಅಭಿಮಾನಿ, ಆದರೆ ಈ ಸಲ ಕತೆ ಗಟ್ಟಿಯಿಲ್ಲ’ ಎಂಬ ಮಾತನ್ನು ಎಷ್ಟು ಸಲ ಕೇಳಿಲ್ಲ? ಅಭಿಮಾನ ಒಂದು ಕಡೆ, ತೀರ್ಪು ಇನ್ನೊಂದು ಕಡೆ. ‘ನಾನು ಈ ಪಕ್ಷದವನು, ಆದರೆ ಈ ಸಲ ಅಭ್ಯರ್ಥಿ ಸರಿಯಿಲ್ಲ’ ಎಂದು ಹೇಳುವವರು ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಇದಕ್ಕೆ ಪಕ್ಷನಿಷ್ಠರ ಉತ್ತರವೊಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. 1985ರಲ್ಲಿ ಪಕ್ಷಾಂತರ ನಿಷೇಧ ಕಾನೂನು ಬಂದು, ಹತ್ತನೇ ಅನುಸೂಚಿ ಸಂವಿಧಾನಕ್ಕೆ ಸೇರಿದ ಮೇಲೆ, ಸದನದಲ್ಲಿ ವಿಪ್, ಅಂದರೆ ಪಕ್ಷದ ಕಡ್ಡಾಯ ಸೂಚನೆ, ಹೇಳಿದ ಹಾಗೆ ಶಾಸಕ ಕೈ ಎತ್ತಲೇಬೇಕು. ಸರ್ಕಾರ ಯಾರದು, ಮುಖ್ಯಮಂತ್ರಿ ಯಾರು ಎಂಬುದೇ ಮುಖ್ಯವಾದರೆ ಅಭ್ಯರ್ಥಿ ಯಾರಾದರೇನು ಎಂದು ಅವರು ಕೇಳುತ್ತಾರೆ. ಕಾಗದದ ಮೇಲೆ ಈ ವಾದ ಸರಿಯಾಗಿದೆ. ಕರ್ನಾಟಕದ ಅನುಭವ ಬೇರೆ ಹೇಳುತ್ತದೆ. 2019ರ ಜುಲೈನಲ್ಲಿ ಕಾಂಗ್ರೆಸ್–ಜೆಡಿಎಸ್ ಸಮ್ಮಿಶ್ರ ಸರ್ಕಾರ ಬಿದ್ದಾಗ 17 ಶಾಸಕರು ಅನರ್ಹರಾದರು. ಸುಪ್ರೀಂ ಕೋರ್ಟ್ ನವೆಂಬರ್‌ನಲ್ಲಿ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಮತ್ತೆ ಸ್ಪರ್ಧಿಸಲು ಅವಕಾಶ ಕೊಟ್ಟಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆದು, ಬಿಜೆಪಿ 12ರಲ್ಲಿ ಗೆದ್ದಿತು. ಅನರ್ಹಗೊಂಡವರಲ್ಲಿ ಆ ಪಕ್ಷದ ಟಿಕೆಟ್ ಪಡೆದ 13 ಮಂದಿಯಲ್ಲಿ 11 ಮಂದಿ ಆರಿಸಿ ಬಂದರು. 2018ರಲ್ಲಿ ಪಕ್ಷ ನೋಡಿ ಮತ ಹಾಕಿದವನ ಮತ ಹದಿನಾಲ್ಕು ತಿಂಗಳಿಗೆ ಎದುರು ಪಕ್ಷದ ಸರ್ಕಾರವನ್ನು ಕಟ್ಟಿತು. ಪಕ್ಷವೇ ಮುಖ್ಯ ಎನ್ನುವವನೂ ಆ ಪಕ್ಷದಲ್ಲಿ ಉಳಿಯುವ ಮನುಷ್ಯನನ್ನು ಹುಡುಕಲೇಬೇಕಾಗಿದೆ.

ಆ 17 ಜನರಲ್ಲಿ ರಾಣೆಬೆನ್ನೂರಿನಿಂದ ಗೆದ್ದಿದ್ದ ಆರ್. ಶಂಕರ್ ಕೂಡ ಇದ್ದರು. ಅವರು 2018ರಲ್ಲಿ ಗೆದ್ದದ್ದು ಕೆಪಿಜೆಪಿ ಎಂಬ ಪಕ್ಷದಿಂದ, ಆಟೊ ಗುರುತಿನ ಮೇಲೆ. ರಾಜಕೀಯವನ್ನು ‘ಪ್ರಜಾಕೀಯ’ ಮಾಡುತ್ತೇನೆ ಎಂದು 2017ರಲ್ಲಿ ನಟ ಉಪೇಂದ್ರ ಆ ಪಕ್ಷದ ಮುಂದೆ ನಿಂತಿದ್ದರು. ಚುನಾವಣೆಗೆ ಮುನ್ನವೇ ಭಿನ್ನಮತ ಹುಟ್ಟಿ ಹೊರಬಂದಿದ್ದರು. ನಟ ಹೋದ ಮೇಲೆ ಪಕ್ಷ ಉಳಿಯಿತು, ಪಕ್ಷದ ಏಕೈಕ ಶಾಸಕ ಅದರಲ್ಲಿ ಉಳಿಯಲಿಲ್ಲ.

ಇಲ್ಲಿಂದ ಮಂಡ್ಯಕ್ಕೆ ಹೋಗಲೇಬೇಕು. ತೆರೆ ಮತ್ತು ಮತಪೆಟ್ಟಿಗೆ ಎರಡೂ ಇಷ್ಟು ಹತ್ತಿರ ಬಂದ ಇನ್ನೊಂದು ಜಿಲ್ಲೆ ರಾಜ್ಯದಲ್ಲಿಲ್ಲ. ‘ಮಂಡ್ಯದ ಗಂಡು’ ಎಂದೇ ಕರೆಸಿಕೊಂಡ ಅಂಬರೀಶ್ 1998ರಲ್ಲಿ ಜನತಾದಳದಿಂದ, 1999 ಮತ್ತು 2004ರಲ್ಲಿ ಕಾಂಗ್ರೆಸ್‌ನಿಂದ ಲೋಕಸಭೆಗೆ ಹೋದರು. ಕೇಂದ್ರದಲ್ಲಿ ರಾಜ್ಯ ಸಚಿವರಾದರು. 2007ರಲ್ಲಿ ಕಾವೇರಿ ನ್ಯಾಯಮಂಡಳಿಯ ತೀರ್ಪು ಬಂದಾಗ ರಾಜೀನಾಮೆ ಕೊಟ್ಟರು. ಇಷ್ಟಾದರೂ ಅದೇ ಅಂಬರೀಶ್ 2008ರಲ್ಲಿ ಶ್ರೀರಂಗಪಟ್ಟಣ ವಿಧಾನಸಭಾ ಕ್ಷೇತ್ರದಲ್ಲಿ ಸೋತರು, 2009ರಲ್ಲಿ ಮಂಡ್ಯ ಲೋಕಸಭೆಗೂ ಸೋತರು. 2013ರಲ್ಲಿ ಮಂಡ್ಯದ ಜನ ಮತ್ತೆ ಗೆಲ್ಲಿಸಿ ವಿಧಾನಸಭೆಗೆ ಕಳುಹಿಸಿದರು. ರಮ್ಯಾ 2013ರ ಆಗಸ್ಟ್‌ನ ಉಪಚುನಾವಣೆಯಲ್ಲಿ ಗೆದ್ದು, ಒಂದು ವರ್ಷ ತುಂಬುವ ಮೊದಲೇ ಸುಮಾರು 5,500 ಮತಗಳಿಂದ ಸೋತರು.

2019ರ ಮಂಡ್ಯವನ್ನು ನೆನಪಿಸಿಕೊಳ್ಳಿ. ಮುಖ್ಯಮಂತ್ರಿಯ ಮಗ, ಸ್ವತಃ ನಟ ನಿಖಿಲ್ ಒಂದು ಕಡೆ. ಗಂಡ ಅಂಬರೀಶ್ ಅವರನ್ನು ಕಳೆದುಕೊಂಡು ಐದು ತಿಂಗಳಾಗಿದ್ದ ಸುಮಲತಾ ಪಕ್ಷೇತರರಾಗಿ ಇನ್ನೊಂದು ಕಡೆ, ಅವರಿಗೆ ಬಿಜೆಪಿಯ ಬೆಂಬಲ. ಅವರ ಪರ ಬೀದಿಗಿಳಿದ ದರ್ಶನ್ ಮತ್ತು ಯಶ್ ‘ಜೋಡೆತ್ತು’ ಎನಿಸಿಕೊಂಡರು. ಮತಯಂತ್ರದಲ್ಲಿ ಸುಮಲತಾ ಎಂಬ ಹೆಸರಿನ ಇನ್ನೂ ಮೂವರಿದ್ದರು. ಇಷ್ಟೆಲ್ಲ ಗೊಂದಲದ ನಡುವೆಯೂ ಕಹಳೆ ಊದುವ ರೈತನ ಗುರುತನ್ನು ಹುಡುಕಿ ಒತ್ತಿದವರ ಬಲದಿಂದ ಅವರು 1.25 ಲಕ್ಷಕ್ಕೂ ಹೆಚ್ಚಿನ ಅಂತರದಲ್ಲಿ ಗೆದ್ದರು. ತಾರೆಯರು ಬಂದದ್ದಕ್ಕೆ ಗೆದ್ದರು ಎಂದು ಹೊರಗಿನವರು ಬರೆದರು. ಮದ್ದೂರಿನ ಹತ್ತಿರದ ನಮ್ಮ ಚಿಕ್ಕಮ್ಮನ ಊರಿನಲ್ಲಿ ಆಗ ನಾನು ಕೇಳಿದ ಮಾತು ಬೇರೆ: ‘ಮನೆಗೆ ಬಂದು ಕಷ್ಟ ಹೇಳಿಕೊಂಡ ಹೆಣ್ಣುಮಗಳನ್ನು ಅಷ್ಟು ಹಗುರವಾಗಿ ಮಾತನಾಡಿದರಲ್ಲ.’ ಪ್ರಚಾರದ ವೇಳೆ ಎದುರಾಳಿ ಪಾಳೆಯದಿಂದ ಬಂದ ಮಾತುಗಳು ಜನರನ್ನು ಚುಚ್ಚಿದ್ದವು. ತಾರೆ ಜನರನ್ನು ಮೈದಾನಕ್ಕೆ ಕರೆತಂದಿರಬಹುದು, ಬೂತಿನೊಳಗೆ ಕೆಲಸ ಮಾಡಿದ್ದು ಆ ನೋವು.

ನಿಖಿಲ್ ಮುಂದೆ 2023ರಲ್ಲಿ ರಾಮನಗರದಲ್ಲಿ, 2024ರ ನವೆಂಬರ್‌ನ ಉಪಚುನಾವಣೆಯಲ್ಲಿ ಚನ್ನಪಟ್ಟಣದಲ್ಲಿ ಸೋತರು. ಚನ್ನಪಟ್ಟಣದಲ್ಲಿ ಗೆದ್ದ ಸಿ.ಪಿ. ಯೋಗೇಶ್ವರ ಕೂಡ ಒಂದು ಕಾಲದ ಚಿತ್ರನಟರೇ. ಆದರೆ ಅಲ್ಲಿ ಯಾರ ಬಾಯಲ್ಲೂ ಅವರ ಸಿನಿಮಾದ ಮಾತಿರಲಿಲ್ಲ, ಕೆರೆಗಳಿಗೆ ನೀರು ತುಂಬಿಸಿದ ಮಾತಿತ್ತು. 2023ರಲ್ಲಿ ಸುದೀಪ್ ಬಸವರಾಜ ಬೊಮ್ಮಾಯಿ ಅವರಿಗಾಗಿ ಊರೂರು ಸುತ್ತಿ ಪ್ರಚಾರ ಮಾಡಿದರು. ರಸ್ತೆಯ ಎರಡೂ ಬದಿ ಜನ ಕಿಕ್ಕಿರಿದಿದ್ದರು. ಬಿಜೆಪಿಗೆ ಬಂದ ಸ್ಥಾನ 66. ಮರುವರ್ಷ ಲೋಕಸಭೆಗೆ ಶಿವಮೊಗ್ಗದಲ್ಲಿ ಪತ್ನಿ ಗೀತಾ ಅವರಿಗಾಗಿ ಶಿವರಾಜ್‌ಕುಮಾರ್ ಬಿಸಿಲಿನಲ್ಲಿ ಓಡಾಡಿದರು. ಗೀತಾ 2014ರಂತೆ ಆಗಲೂ ಸೋತರು. ಕೈ ಬೀಸಿದ್ದು, ಸೆಲ್ಫಿ ತೆಗೆದುಕೊಂಡದ್ದು, ಹೂ ಎರಚಿದ್ದು ಎಲ್ಲ ನಿಜವಾದ ಪ್ರೀತಿಯೇ. ಅದನ್ನು ಮತವೆಂದು ಎಣಿಸಿದವರು ತಪ್ಪಿದರು.

ತಮಿಳುನಾಡಿನಲ್ಲಿ 1977ರಲ್ಲಿ ಎಂ.ಜಿ.ಆರ್., ಆಂಧ್ರದಲ್ಲಿ 1983ರಲ್ಲಿ ಎನ್.ಟಿ.ಆರ್. ಮುಖ್ಯಮಂತ್ರಿಯಾದರು. ಕರ್ನಾಟಕದಲ್ಲಿ ಅದು ಆಗಲಿಲ್ಲ. ಆಗಬಹುದಾಗಿದ್ದ ಒಬ್ಬರೇ ಒಬ್ಬರು ರಾಜ್‌ಕುಮಾರ್. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಎದುರು ನಿಲ್ಲಿ ಎಂಬ ಒತ್ತಡ ಬಂದಾಗ ಅವರು ದೂರ ಸರಿದರು. 1982ರ ಗೋಕಾಕ್ ಚಳವಳಿಗೆ ಧುಮುಕಿದಾಗ ರಾಜ್ಯವೇ ಅವರ ಹಿಂದೆ ಬಂತು. 1983ರ ಚುನಾವಣೆಯಲ್ಲಿ ಕಾಂಗ್ರೆಸ್ ಸೋತು ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ಆ ಅಲೆಯನ್ನು ರಾಜ್‌ಕುಮಾರ್ ತಮ್ಮ ಹೆಸರಿಗೆ ಬರೆದುಕೊಳ್ಳಲಿಲ್ಲ. ಎಂ.ಜಿ.ಆರ್. ಅಭಿಮಾನಿ ಸಂಘಗಳು ಪಕ್ಷದ ಬೇರುಗಳಾದವು, ರಾಜ್ ಅಭಿಮಾನಿಗಳ ಸಂಘಗಳು ಭಾಷೆಯ ಹೋರಾಟದ ಸಂಘಟನೆಗಳಾಗಿ ಉಳಿದವು. ನಟನನ್ನು ಪ್ರೀತಿಸುವುದು ಬೇರೆ, ಆಳುವವನನ್ನು ಆರಿಸುವುದು ಬೇರೆ ಎಂಬ ಗೆರೆಯನ್ನು ಆತ ತನ್ನ ನಡೆಯಿಂದಲೇ ಎಳೆದುಕೊಟ್ಟರು ಎಂದು ನಾನು ನಂಬಿದ್ದೇನೆ. ಕಲಾವಿದರು ರಾಜಕೀಯಕ್ಕೆ ಬರಬಾರದು ಎಂದು ಇದರ ಅರ್ಥವಲ್ಲ. ಅನಂತ್ ನಾಗ್ 1994ರಲ್ಲಿ ಮಲ್ಲೇಶ್ವರದಿಂದ ಗೆದ್ದು ಜೆ.ಎಚ್. ಪಟೇಲ್ ಸಂಪುಟದಲ್ಲಿ ಸಚಿವರಾದರು. ಉಮಾಶ್ರೀ 2013ರಲ್ಲಿ ತೇರದಾಳದ ನೇಕಾರರ ಮತ ಕೇಳಿ ಗೆದ್ದರು. ಅವರನ್ನು ಅವರ ಕೆಲಸದಿಂದ ಅಳೆಯಬಹುದು, ಅಳೆದಿದ್ದಾರೆ ಕೂಡ.

ನನ್ನನ್ನು ಹೆಚ್ಚು ಕಾಡುವುದು ಈಗ ಆ ಗೆರೆ ಇನ್ನೊಂದು ಕಡೆಯಿಂದ ಅಳಿಸಿಹೋಗುತ್ತಿರುವುದು. ಸಿನಿಮಾದ ಅಭಿಮಾನ ಮತಕ್ಕೆ ಸೋರುವುದಕ್ಕಿಂತ ಪಕ್ಷದ ಅಭಿಮಾನ ಸಿನಿಮಾಕ್ಕೆ ಸೋರುವುದು ಜಾಸ್ತಿಯಾಗಿದೆ. 2023ರ ಮೇ 5ರಂದು ‘ದಿ ಕೇರಳ ಸ್ಟೋರಿ’ ಬಿಡುಗಡೆಯಾಯಿತು. ಅದೇ ದಿನ ಬಳ್ಳಾರಿಯ ಚುನಾವಣಾ ಸಭೆಯಲ್ಲಿ ಪ್ರಧಾನಿ ಆ ಚಿತ್ರವನ್ನು ಪ್ರಸ್ತಾಪಿಸಿ ಕಾಂಗ್ರೆಸ್ ವಿರುದ್ಧ ಹರಿಹಾಯ್ದರು. ಮತದಾನಕ್ಕೆ ಐದು ದಿನ ಉಳಿದಿತ್ತು. ಅಲ್ಲಿಂದ ಮುಂದೆ ಆ ಚಿತ್ರದ ಬಗ್ಗೆ ಏನೇ ಹೇಳಿದರೂ ಅದು ಮತದ ಘೋಷಣೆಯಾಯಿತು. ಚೆನ್ನಾಗಿದೆ ಎಂದವನು ಒಂದು ಪಕ್ಷ, ಚೆನ್ನಾಗಿಲ್ಲ ಎಂದವನು ಇನ್ನೊಂದು ಪಕ್ಷ. ಚಿತ್ರಕತೆ ಹೇಗಿದೆ, ನಟನೆ ಹೇಗಿದೆ, ಹೇಳಿದ್ದು ನಿಜವೇ ಎಂಬ ಪ್ರಶ್ನೆಗಳಿಗೆ ಜಾಗವೇ ಉಳಿಯಲಿಲ್ಲ. ಅದಕ್ಕೂ ಮುಂಚೆ, 2019ರ ಏಪ್ರಿಲ್‌ನಲ್ಲಿ, ಪ್ರಧಾನಿಯ ಜೀವನಕತೆಯ ಚಿತ್ರವೊಂದನ್ನು ಚುನಾವಣೆ ಮುಗಿಯುವವರೆಗೆ ಬಿಡುಗಡೆ ಮಾಡದಂತೆ ಚುನಾವಣಾ ಆಯೋಗವೇ ತಡೆದಿತ್ತು. ಪ್ರಚಾರ ಮತ್ತು ಸಿನಿಮಾದ ನಡುವೆ ಗೋಡೆ ಬೇಕು ಎಂದು ಆಯೋಗಕ್ಕೆ ಆಗ ಅನ್ನಿಸಿತ್ತು.

ಸುದೀಪ್ ಪ್ರಚಾರಕ್ಕೆ ಇಳಿದಾಗ ಅವರ ಚಿತ್ರಗಳ ಪ್ರಸಾರ ನಿಲ್ಲಿಸಿ ಎಂಬ ದೂರು ಆಯೋಗಕ್ಕೆ ಹೋಯಿತು. ಶಿವರಾಜ್‌ಕುಮಾರ್ ಕಾಂಗ್ರೆಸ್ ಪರ ನಿಂತಾಗ ಅದೇ ಬೇಡಿಕೆಯನ್ನು ಬಿಜೆಪಿ ಕಡೆಯವರು ಇಟ್ಟರು. ಎಲ್ಲ ಪಕ್ಷಗಳೂ ಪ್ರೇಕ್ಷಕನನ್ನು ಅಷ್ಟು ದುರ್ಬಲ ಎಂದುಕೊಂಡಿವೆ. ಹತ್ತು ವರ್ಷದ ಹಿಂದಿನ ಚಿತ್ರವೊಂದು ಮಧ್ಯಾಹ್ನ ಟಿ.ವಿ.ಯಲ್ಲಿ ಬಂದರೆ ಸಂಜೆಗೆ ಮತ ಬದಲಾಗುತ್ತದೆ ಎಂಬ ಭಯಕ್ಕೆ ಮಂಡ್ಯದ ಚರಿತ್ರೆಯಲ್ಲಿ ಯಾವ ಆಧಾರವೂ ಇಲ್ಲ.

2025ರ ಮೇ ತಿಂಗಳಲ್ಲಿ ಕಮಲ್ ಹಾಸನ್ ಕನ್ನಡ ತಮಿಳಿನಿಂದ ಹುಟ್ಟಿತು ಎಂದರು. ಭಾಷಾಶಾಸ್ತ್ರ ಹಾಗೆ ಹೇಳುವುದಿಲ್ಲ. ಎರಡೂ ಒಂದೇ ದ್ರಾವಿಡ ಮೂಲದಿಂದ ಕವಲೊಡೆದ ಸೋದರಿಯರು. ಆ ಮಾತು ನನಗೂ ನೋವು ತಂದಿತು, ಅದನ್ನು ಖಂಡಿಸಿ ಬರೆದವರ ಜೊತೆ ನಾನೂ ಇದ್ದೆ. ಆದರೆ ವಿರೋಧದಿಂದಾಗಿ ಅವರ ‘ಥಗ್ ಲೈಫ್’ ಜೂನ್ 5ರಂದು ಕರ್ನಾಟಕ ಬಿಟ್ಟು ಉಳಿದೆಡೆ ತೆರೆಕಂಡಿತು. ಸೆನ್ಸಾರ್ ಪ್ರಮಾಣಪತ್ರ ಪಡೆದ ಚಿತ್ರದ ಬಿಡುಗಡೆಗೆ ಅವಕಾಶ ಇರಲೇಬೇಕು, ಗುಂಪುಗಳು ಬೀದಿಯನ್ನು ವಶಕ್ಕೆ ತೆಗೆದುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಮಾತಿಗೆ ಮಾತಿನಲ್ಲೇ ಉತ್ತರ ಕೊಟ್ಟು, ಚಿತ್ರವನ್ನು ನೋಡಿ ತೂಗುವ ಹಕ್ಕನ್ನು ನಾವು ಉಳಿಸಿಕೊಳ್ಳಬಹುದಿತ್ತು.

ಹೀಗೆ ನೋಡದೆ ಕೊಡುವ ತೀರ್ಪು ಒಮ್ಮೆ ರೂಢಿಯಾದರೆ ಅದು ಒಂದು ಕಡೆ ನಿಲ್ಲುವುದಿಲ್ಲ. ಚಿತ್ರ ನೋಡದೆ ಒಂದು ನಕ್ಷತ್ರ ಕೊಡುವ ಬೆರಳು ಅಭ್ಯರ್ಥಿಯ ಪ್ರಮಾಣಪತ್ರ ಓದದೆ ಮತಯಂತ್ರದ ಗುಂಡಿ ಒತ್ತುತ್ತದೆ. ಎರಡರಲ್ಲೂ ನಾವು ಎದುರಿಗಿರುವ ವಸ್ತುವಿನ ಬಗ್ಗೆ ಏನೂ ಹೇಳುತ್ತಿರುವುದಿಲ್ಲ, ನಾವು ಯಾವ ಗುಂಪಿನವರು ಎಂದಷ್ಟೇ ಹೇಳುತ್ತಿರುತ್ತೇವೆ.

ಈಗ ಮೂರನೆಯ 48 ಗಂಟೆ. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿತು. ಕ್ರಿಮಿನಲ್ ಪ್ರಕರಣ ಇರುವ ವ್ಯಕ್ತಿಗೆ ಪಕ್ಷ ಟಿಕೆಟ್ ಕೊಟ್ಟರೆ, ಏಕೆ ಕೊಟ್ಟೆವು, ಪ್ರಕರಣವಿಲ್ಲದ ಬೇರೊಬ್ಬರನ್ನು ಏಕೆ ಆರಿಸಲಾಗಲಿಲ್ಲ ಎಂದು ಬರೆದು ಪ್ರಕಟಿಸಬೇಕು. ‘ಗೆಲ್ಲುವ ಸಾಮರ್ಥ್ಯ ಇದೆ’ ಎಂಬುದೊಂದೇ ಕಾರಣವಾಗುವಂತಿಲ್ಲ. 2021ರಲ್ಲಿ ಕೋರ್ಟ್ ಗಡುವನ್ನು ಸ್ಪಷ್ಟಪಡಿಸಿತು: ಅಭ್ಯರ್ಥಿಯ ಆಯ್ಕೆಯಾದ 48 ಗಂಟೆಯೊಳಗೆ. ಸಿ–7 ಎಂಬ ನಮೂನೆಯಲ್ಲಿ ಒಂದು ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿ, ಒಂದು ರಾಷ್ಟ್ರೀಯ ಪತ್ರಿಕೆಯಲ್ಲಿ, ಪಕ್ಷದ ಜಾಲತಾಣ ಮತ್ತು ಸಾಮಾಜಿಕ ಮಾಧ್ಯಮದ ಪುಟಗಳಲ್ಲಿ ಅದು ಬರಬೇಕು. ಅಭ್ಯರ್ಥಿಯೂ ತನ್ನ ಮೇಲಿನ ಪ್ರಕರಣಗಳನ್ನು ಪ್ರಚಾರದ ಅವಧಿಯಲ್ಲಿ ಮೂರು ಸಲ ಪತ್ರಿಕೆ ಮತ್ತು ಟಿ.ವಿ.ಯಲ್ಲಿ ಪ್ರಕಟಿಸಬೇಕು.

ಇದು ಪಕ್ಷವೇ ತನ್ನ ಅಭ್ಯರ್ಥಿಯ ಬಗ್ಗೆ ಬರೆದುಕೊಡಬೇಕಾದ ವಿಮರ್ಶೆ. ಮೊದಲೆರಡು 48 ಗಂಟೆಗಳು ಬಾಯಿ ಮುಚ್ಚಿಸುವಂಥವು, ಇದೊಂದು ಬಾಯಿ ಬಿಡಿಸುವಂಥದ್ದು. ಪಕ್ಷಗಳು ಏನು ಬರೆಯುತ್ತವೆ? ‘ಜನಪ್ರಿಯ ನಾಯಕರು’, ‘ಸಮಾಜಸೇವಕರು’, ‘ಪ್ರಕರಣಗಳು ರಾಜಕೀಯ ಪ್ರೇರಿತ’. ಇಷ್ಟರಲ್ಲೇ ಸುತ್ತುತ್ತವೆ ಎಂಬುದನ್ನು ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ ಸಂಸ್ಥೆ ಚುನಾವಣೆಯಿಂದ ಚುನಾವಣೆಗೆ ತೋರಿಸುತ್ತ ಬಂದಿದೆ. ಜಾಹೀರಾತು ಪತ್ರಿಕೆಯ ಒಳಪುಟದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬಂದು ಹೋಗುತ್ತದೆ. ಹೊಸ ಚಿತ್ರದ ಪೂರ್ಣಪುಟದ ಜಾಹೀರಾತಿನಲ್ಲಿ ಸಂಕಲನಕಾರನ ಹೆಸರನ್ನೂ ಓದುವ ನಾವು ಆ ಪೆಟ್ಟಿಗೆಯನ್ನು ದಾಟಿ ಹೋಗುತ್ತೇವೆ.

ಪಕ್ಷ ಬರೆಯದಿದ್ದರೂ ಅಭ್ಯರ್ಥಿ ಬರೆದುಕೊಟ್ಟದ್ದು ಇದೆ. ಅದು ನಾಮಪತ್ರದ ಜೊತೆಗಿನ ಪ್ರಮಾಣಪತ್ರ, ನಮೂನೆ 26. 2002 ಮತ್ತು 2003ರ ಸುಪ್ರೀಂ ಕೋರ್ಟ್ ತೀರ್ಪುಗಳಿಂದ ಬಂದ ಈ ಹಕ್ಕಿಗೆ ಕಾಲು ಶತಮಾನ ಹತ್ತಿರವಾಗುತ್ತಿದೆ. ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ತೆರೆದು ನೋಡಬಹುದು. ಒಮ್ಮೆ ಕೂತು ಓದಿ, ಅದರಲ್ಲಿ ಕತೆಯಿದೆ. ಐದು ವರ್ಷಗಳ ಆದಾಯ ತೆರಿಗೆ ವಿವರ, ಗಂಡ ಅಥವಾ ಹೆಂಡತಿಯದೂ ಸೇರಿ. ಚರಾಸ್ತಿ, ಸ್ಥಿರಾಸ್ತಿ, ಜಮೀನು ಪಿತ್ರಾರ್ಜಿತವೋ ಕೊಂಡದ್ದೋ, ಕೊಂಡದ್ದಾದರೆ ಯಾವ ದಿನ, ಎಷ್ಟಕ್ಕೆ. ಯಾರಿಂದ ಸಾಲ. ಕಳೆದ ಹತ್ತು ವರ್ಷಗಳಲ್ಲಿ ಸರ್ಕಾರಿ ಮನೆಯಲ್ಲಿದ್ದರೆ ಬಾಡಿಗೆ, ವಿದ್ಯುತ್, ನೀರು, ದೂರವಾಣಿ ಬಾಕಿ ಇದೆಯೇ. ಯಾವ ಪೊಲೀಸ್ ಠಾಣೆ, ಯಾವ ಸೆಕ್ಷನ್, ದೋಷಾರೋಪ ಹೊರಿಸಲಾಗಿದೆಯೇ. ಯಾವ ಅಂಕಣವನ್ನೂ ಖಾಲಿ ಬಿಡುವಂತಿಲ್ಲ. ಸುಳ್ಳು ಬರೆದರೆ ಅದೇ ಜನಪ್ರತಿನಿಧಿ ಕಾಯ್ದೆಯ 125ಎ ಸೆಕ್ಷನ್ ಅಡಿ ಆರು ತಿಂಗಳವರೆಗೆ ಜೈಲು.

ಪ್ರಕರಣಗಳ ಸಂಖ್ಯೆ ನೋಡಿಯೇ ತೀರ್ಪು ಕೊಡಬೇಡಿ ಎಂದು ಮಾತ್ರ ಹೇಳುತ್ತೇನೆ. ಕಾವೇರಿ ನೀರಿಗಾಗಿ, ಬೆಂಬಲ ಬೆಲೆಗಾಗಿ ರಸ್ತೆಗೆ ಇಳಿದ ರೈತ ಹೋರಾಟಗಾರನ ಮೇಲೂ ಹತ್ತು ಪ್ರಕರಣಗಳಿರುತ್ತವೆ. ನಿಷೇಧಾಜ್ಞೆ ಉಲ್ಲಂಘನೆಯ ಪ್ರಕರಣಕ್ಕೂ ಭೂಕಬಳಿಕೆಯ ಪ್ರಕರಣಕ್ಕೂ ಇರುವ ಅಂತರ ಸೆಕ್ಷನ್ ಓದಿದರೆ ಮಾತ್ರ ತಿಳಿಯುತ್ತದೆ. ಹಾಲಿ ಶಾಸಕರಾದರೆ ಅವರ ಹಿಂದಿನ ಐದು ವರ್ಷವೇ ನಮ್ಮ ಮುಂದಿದೆ. ಪ್ರದೇಶಾಭಿವೃದ್ಧಿ ನಿಧಿಯೇ ವರ್ಷಕ್ಕೆ 2 ಕೋಟಿ ರೂಪಾಯಿ, ಅವಧಿಗೆ 10 ಕೋಟಿ. ಸಮುದಾಯ ಭವನಗಳಿಗೆ ಎಷ್ಟು, ಶಾಲೆಯ ಶೌಚಾಲಯಕ್ಕೆ ಎಷ್ಟು ಎಂದು ಕೇಳುವುದಕ್ಕೆ ಮಾಹಿತಿ ಹಕ್ಕಿನ ಒಂದು ಅರ್ಜಿ ಸಾಕು.

ಆಟೊ ಚಾಲಕರ ಕ್ರಮ ಎಲ್ಲಕ್ಕಿಂತ ಚೆನ್ನಾಗಿ ಹೊಂದುವುದು ವಾರ್ಡ್ ಮತ್ತು ಪಂಚಾಯಿತಿ ಚುನಾವಣೆಗೆ. ಅಲ್ಲಿ ಅಭ್ಯರ್ಥಿ ಪಕ್ಕದ ಬೀದಿಯವರು, ‘ನೋಡಿ ಬಂದವರು’ ಎಲ್ಲೆಡೆ ಸಿಗುತ್ತಾರೆ. ಆ ಚುನಾವಣೆಗಳನ್ನೇ ನಮ್ಮಿಂದ ಕಿತ್ತುಕೊಳ್ಳಲಾಗಿದೆ ಎಂಬುದು ನನ್ನ ದೊಡ್ಡ ಸಿಟ್ಟು. ಬೆಂಗಳೂರು ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಕಡೆಯ ಚುನಾವಣೆ 2016ರಲ್ಲಿ ನಡೆದಿತ್ತು, ಅವಧಿ 2021ರಲ್ಲೇ ತೀರಿತು. ಬಿಜೆಪಿ, ಕಾಂಗ್ರೆಸ್ ಎರಡೂ ಅಧಿಕಾರದ ರುಚಿ ಕಂಡ ಈ ವರ್ಷಗಳಲ್ಲಿ ವಾರ್ಡ್ ಗಡಿ, ಮೀಸಲಾತಿ ಪಟ್ಟಿ, ನ್ಯಾಯಾಲಯ ಎಂದು ಮುಂದೂಡುತ್ತ ಬರಲಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಐದು ಪಾಲಿಕೆಗಳಾಯಿತು, ಆ ವರ್ಷ ಮುಗಿಯುವವರೆಗೂ ಮತದಾನ ಮಾತ್ರ ನಡೆಯಲಿಲ್ಲ. ಹತ್ತಿರದ ಮನುಷ್ಯನನ್ನು ತೂಗಿ ಅಭ್ಯಾಸವಿಲ್ಲದ ಮತದಾರನಿಗೆ ದೂರದ ಮುಖ, ದೊಡ್ಡ ಕಟೌಟ್ ಮಾತ್ರ ಕಾಣುತ್ತದೆ.

ಆ ದಸರೆಯ ರಾತ್ರಿ ಹೊರಡುವ ಮುನ್ನ ನಾನು ಭಾವನವರ ಮೊಬೈಲ್‌ನಲ್ಲಿ ಆಯೋಗದ ಜಾಲತಾಣ ತೆರೆದು, ಅವರ ಕ್ಷೇತ್ರದ ಒಂದು ಪ್ರಮಾಣಪತ್ರ ಇಳಿಸಿಕೊಟ್ಟಿದ್ದೆ. ಸ್ಕ್ಯಾನ್ ಮಾಡಿದ ಪುಟಗಳು, ಕೆಲವು ಮಸುಕು, ಒಂದೆರಡು ಓರೆ. ಅವರು ಕನ್ನಡಕ ಹಣೆಗೇರಿಸಿ, ಪುಟವನ್ನು ಎರಡು ಬೆರಳಲ್ಲಿ ಹಿಗ್ಗಿಸುತ್ತ, ಬ್ಯಾಂಕಿನಲ್ಲಿ ಮೂವತ್ತು ವರ್ಷ ಸಾಲದ ಕಾಗದ ಓದಿದ ಅಭ್ಯಾಸದಲ್ಲಿ ಸಾಲಸಾಲಾಗಿ ಓದಿದರು. ಜಮೀನಿನ ಅಂಕಣದಲ್ಲಿ ಸ್ವಲ್ಪ ಹೊತ್ತು ನಿಂತರು. ಹೋಳಿಗೆಯ ಡಬ್ಬಿ ಕೈಗೆ ಕೊಡಲು ಬಂದ ಅಕ್ಕ ಕಾಯುತ್ತಿದ್ದಳು. ತಲೆಯೆತ್ತದೆ ಭಾವ ಕೇಳಿದರು: ‘ಇದರ ಹಿಂದಿನದು ಎಲ್ಲಿದೆ? 2018ರದ್ದು? ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ನೋಡಬೇಕಲ್ಲ.’